ರೊಟ್ಟಿಯ ಊರಲ್ಲಿ ಹೊನ್ನಾವರದವಳು

ನಮಸ್ಕಾರ ಕೇಳುಗರೇ. ನಾನು ಹೊನ್ನಾವರದವಳು. ಈಗ ಇರುವುದು ಮೊರಾಕ್ಕೋ ದೇಶದ ಎಲ್ ಜದೀದಾ ಅನ್ನುವ ಊರಿನಲ್ಲಿ. ಮೊರಾಕ್ಕೋ ಅಂದ ಕೂಡಲೇ ಊರ ಕಡೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, 'ಅಲ್ಲಿ ಬರೀ ಮರಳುಗಾಡು ಅಲ್ವಾ, ನೀರು ಸಿಗುತ್ತಾ?' ನಮ್ಮ ಮನೆಯ ಕಿಟಕಿ ತೆಗೆದರೆ ಕಾಣುವುದು ಅಟ್ಲಾಂಟಿಕ್ ಸಮುದ್ರ. ಬೇಸಿಗೆಯಲ್ಲೂ ಸಂಜೆ ಗಾಳಿಗೆ ಸ್ವೆಟರ್ ಹುಡುಕಬೇಕು. ಮೆರ್ಜೂಗಾದ ಮರಳುದಿಬ್ಬ ನೋಡಬೇಕು ಅಂದರೆ ನಾವೂ ದಿನವಿಡೀ ಕಾರಿನಲ್ಲಿ ಕೂರಬೇಕು.

ಇಲ್ಲಿಗೆ ಬಂದದ್ದು ಗೊಬ್ಬರದ ದೆಸೆಯಿಂದ. ಖುರೀಬ್ಗಾದ ನೆಲದಿಂದ ಅಗೆದ ಫಾಸ್ಫೇಟು ನೀರಿನ ಜೊತೆ ಪೈಪಿನಲ್ಲಿ ಹರಿದು ನಮ್ಮೂರ ಪಕ್ಕದ ಜೊರ್ಫ್ ಲಸ್ಫರ್ ಬಂದರಿಗೆ ಬರುತ್ತದೆ, ಅಲ್ಲಿ ಆಸಿಡ್ ಆಗುತ್ತದೆ, ಗೊಬ್ಬರ ಆಗುತ್ತದೆ, ಹಡಗು ಹತ್ತಿ ಭಾರತಕ್ಕೂ ಹೋಗುತ್ತದೆ. ನಮ್ಮ ಮನೆಯವರಿಗೆ ಅಲ್ಲೇ ಕೆಲಸ. ಗದ್ದೆಗೆ ಹಾಕುವ ಡಿಎಪಿ ಚೀಲದಲ್ಲಿ ಈ ಊರಿನ ಪಾಲೂ ಇರಬಹುದು ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. 'ಹಾಗಾದರೆ ಅಳಿಯಂದಿರಿಗೆ ಹೇಳಿ ರೇಟು ಸ್ವಲ್ಪ ಕಮ್ಮಿ ಮಾಡಿಸು' ಅಂದರು.

ಹಳೇ ಊರು ಪೋರ್ಚುಗೀಸರು ಕಟ್ಟಿದ ಕೋಟೆ. 1769ರಲ್ಲಿ ಅವರು ಬಿಟ್ಟು ಹೋದರು. ಕೋಟೆಯೊಳಗೆ ನೆಲದಡಿ ಒಂದು ನೀರಿನ ತೊಟ್ಟಿ ಇದೆ, ಕಂಬಗಳ ಸಾಲು, ಮೇಲೊಂದು ದುಂಡು ಕಿಂಡಿ. ಪ್ರವಾಸಿಗಳು ಅದನ್ನು ನೋಡಿಕೊಂಡು ಮಧ್ಯಾಹ್ನಕ್ಕೇ ಮರಾಕೇಶ್ ಕಡೆ ಹೊರಟುಬಿಡುತ್ತಾರೆ. ಒಳ್ಳೇದೇ ಆಯ್ತು. ನಮ್ಮ ಮೀನು ಮಾರುಕಟ್ಟೆಯಲ್ಲಿ ರೇಟು ಏರುವುದಿಲ್ಲ.

ಮೀನು ಅಂದೆನಲ್ಲ, ಇಲ್ಲಿ ನನಗೆ ಮೊದಲ ಗೆಳೆತನ ಆದದ್ದೇ ಮೀನಿನಿಂದ. ಮೇಲಿನ ಮನೆಯಲ್ಲಿ ಒಬ್ಬರು ವಯಸ್ಸಾದ ಹೆಂಗಸು ಇದ್ದಾರೆ. ಅವರನ್ನು ಎಲ್ಲರೂ 'ಖಾಲ್ತಿ' ಅಂತಾರೆ, ಚಿಕ್ಕಮ್ಮ ಅಂದ ಹಾಗೆ, ನಾನೂ ಹಾಗೇ ಕರೆಯುತ್ತೇನೆ. ಮೆಟ್ಟಿಲ ಮೇಲೆ ನನ್ನ ಚೀಲದಲ್ಲಿ ಸಾರ್ಡೀನ್ ನೋಡಿದರು. ನಮ್ಮ ತಾರ್ಲೆಯ ದಾಯಾದಿ ಮೀನು ಅದು. ಮಾತಿಲ್ಲ ಕತೆಯಿಲ್ಲ, ಸೀದಾ ನಮ್ಮ ಅಡುಗೆಮನೆಗೆ ಬಂದು ಅಂಗಿಯ ತೋಳು ಮೇಲೇರಿಸಿ ನಿಂತರು. ತಲೆ ಮುರಿದು, ಹೆಬ್ಬೆರಳು ಒಳಗೆ ಹಾಕಿ ಮೀನನ್ನು ಪುಸ್ತಕದ ಹಾಗೆ ಬಿಡಿಸಿ, ನಡುಮುಳ್ಳನ್ನು ಒಂದೇ ಎಳೆತಕ್ಕೆ ಕಿತ್ತರು. ಕೊತ್ತಂಬರಿ, ಬೆಳ್ಳುಳ್ಳಿ, ಜೀರಿಗೆ, ಕೆಂಪು ಪಾಪ್ರಿಕಾ ಪುಡಿ, ನಿಂಬೆರಸ, ಆಲಿವ್ ಎಣ್ಣೆ ಕಲಸಿದರೆ ಶರ್ಮೂಲಾ. ಅದನ್ನು ಒಂದು ಮೀನಿಗೆ ಸವರಿ, ಮೇಲೆ ಇನ್ನೊಂದು ಮೀನು ಮುಚ್ಚಿ, ಹಿಟ್ಟಲ್ಲಿ ಹೊರಳಿಸಿ ಎಣ್ಣೆಗೆ ಬಿಟ್ಟರು. ಅವರಿಗೆ ಬರುವುದು ದಾರಿಜಾ, ಅಂದರೆ ಇಲ್ಲಿಯ ಅರಬ್ಬಿ. ನನಗೆ ಆಗ ಅದರಲ್ಲಿ ಶುಕ್ರನ್ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಮುಂದಿನ ವಾರ ನಾನು ತೆಂಗಿನಕಾಯಿ ಅರೆದು ಮುರುಗಲು ಹಾಕಿ ತಾರ್ಲೆ ಸಾರು ಮಾಡಿ ಮೇಲೆ ತೆಗೆದುಕೊಂಡು ಹೋದೆ. ಖಾಲ್ತಿ ಸಾರು ಮುಟ್ಟಲಿಲ್ಲ, ಮೀನನ್ನು ಮಾತ್ರ ಹೆಕ್ಕಿ ತಿಂದರು. ಖಾರ ಅವರಿಗೆ ಆಗುವುದಿಲ್ಲ, ಇವತ್ತಿಗೂ ಆಗುವುದಿಲ್ಲ.

ರೊಟ್ಟಿ ಮಾತ್ರ ಇವರಿಗೆ ಪ್ರಾಣ. ದಪ್ಪನೆಯ ದುಂಡು ಖೋಬ್ಜ್. ಹಳೇ ಬೀದಿಗಳಲ್ಲಿ ಈಗಲೂ ಮನೆಯಲ್ಲಿ ಹಿಟ್ಟು ನಾದಿ, ತಟ್ಟಿ, ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ ಬೀದಿಯ ಒಲೆಗೆ ಕಳಿಸುತ್ತಾರೆ. ಆ ಒಲೆಗೆ ಫರ್ರಾನ್ ಅಂತಾರೆ. ಯಾರ ರೊಟ್ಟಿ ಯಾವುದು ಅಂತ ಒಲೆಯವನಿಗೆ ನೋಡಿದರೇ ಗೊತ್ತು. ರಸ್ತೆಯಲ್ಲಿ ರೊಟ್ಟಿ ಚೂರು ಬಿದ್ದಿದ್ದರೆ ಎತ್ತಿ ಮುತ್ತಿಟ್ಟು ಗೋಡೆಯ ಮೇಲಿಡುತ್ತಾರೆ, ಯಾರೂ ತುಳಿಯದ ಹಾಗೆ. ಶುಕ್ರವಾರ ಮಾತ್ರ ರೊಟ್ಟಿಗೆ ರಜೆ. ಅವತ್ತು ಕುಸ್‌ಕುಸ್. ರವೆಯನ್ನು ಕೈಯಲ್ಲಿ ಉಜ್ಜಿ ಉಜ್ಜಿ ಹಬೆಯಲ್ಲಿ ಮೂರು ಸಲ ಬೇಯಿಸಿ, ದೊಡ್ಡ ತಟ್ಟೆಗೆ ಗುಡ್ಡೆ ಹಾಕಿ, ಮೇಲೆ ಕುಂಬಳ, ಕ್ಯಾರೆಟ್, ಕಡಲೆ, ನಡುವೆ ಮಾಂಸ. ಎಲ್ಲರೂ ಸುತ್ತ ಕೂತು ಒಂದೇ ತಟ್ಟೆಯಿಂದ, ತಮ್ಮ ತಮ್ಮ ಕಡೆಯಿಂದ ತಿನ್ನಬೇಕು. ನನ್ನ ಮಗಳಿಗೆ ಎಂಜಲಿನ ಚಿಂತೆಯೇ ಇರಲಿಲ್ಲ, ನನಗೆ ಸ್ವಲ್ಪ ದಿನ ಇತ್ತು.

ತಿರುಗಾಟಕ್ಕೆ ಇಲ್ಲಿ ಗ್ರ್ಯಾಂಡ್ ಟ್ಯಾಕ್ಸಿ ಇದೆ. ಊರಿಂದ ಊರಿಗೆ ಹೋಗುವ ಬಾಡಿಗೆ ಕಾರು. ಆರು ಜನ ತುಂಬುವ ತನಕ ಹೊರಡುವುದಿಲ್ಲ, ಥೇಟ್ ನಮ್ಮ ಗೇರುಸೊಪ್ಪೆ ಟೆಂಪೋ. ಮಕ್ಕಳನ್ನು ಕಟ್ಟಿಕೊಂಡು ಹೋಗುವುದಾದರೆ ಆರು ಸೀಟಿನ ದುಡ್ಡೂ ಕೊಟ್ಟು ಪೂರ್ತಿ ಹಿಡಿಯುವುದು ಲೇಸು. ನಾವು ಹೆಚ್ಚಾಗಿ ನಮ್ಮ ಕಾರಲ್ಲೇ ಹೋಗುತ್ತೇವೆ. ಮರಾಕೇಶ್‌ನಿಂದ ವರ್ಜಜಾತ್‌ಗೆ ಹೋಗುವ ತಿಷ್ಕಾ ಘಾಟಿ 2,260 ಮೀಟರ್ ಎತ್ತರ, ಮಗ ವಾಂತಿ ಮಾಡದೆ ಅದನ್ನು ದಾಟಿದ್ದೇ ಇಲ್ಲ. ಅಸ್ನಿ ಕಡೆಯೂ ಹೋಗಿದ್ದೆವು. 2023ರ ಸೆಪ್ಟೆಂಬರ್ 8ರ ರಾತ್ರಿ ಭೂಕಂಪ ಆಯ್ತಲ್ಲ, 2,900ಕ್ಕೂ ಹೆಚ್ಚು ಜನ ಹೋದರಲ್ಲ, ಆ ಬೆಟ್ಟಗಳು. ರಸ್ತೆ ಬದಿಯಲ್ಲಿ ಇನ್ನೂ ಡೇರೆಗಳಿದ್ದವು. ದಾರಿ ಕೇಳಲು ಕಾರು ನಿಲ್ಲಿಸಿದರೆ ಡೇರೆಯೊಳಗಿನವರು ಚಹಾ ಕುಡಿಸದೆ ಬಿಡಲಿಲ್ಲ. ಪುದೀನ ಹಾಕಿ, ಸಕ್ಕರೆ ಗಟ್ಟಿ ಒಡೆದು ಹಾಕಿ, ಎತ್ತರದಿಂದ ನೊರೆ ಬರುವ ಹಾಗೆ ಸುರಿದು ಕೊಟ್ಟರು. ಬೇಡ ಅನ್ನಲು ನಮಗೆ ಬಾಯೇ ಬರಲಿಲ್ಲ.

ಅಮ್ಮ ಬಂದಾಗ ಮಾತ್ರ ತಾಂಜಿಯರ್‌ಗೇ ಹೋಗಬೇಕು ಅಂತ ನಾನೇ ಹಟ ಹಿಡಿದೆ. ಕಾಸಾಬ್ಲಾಂಕಾದಿಂದ ಅಲ್ ಬೊರಾಕ್ ರೈಲು, 2018ರಿಂದ ಓಡುತ್ತಿದೆ, ಕೆನಿತ್ರಾ ದಾಟಿದ ಮೇಲೆ ಗಂಟೆಗೆ 320 ಕಿಲೋಮೀಟರ್ ವೇಗ. ಎರಡು ಗಂಟೆ ಚಿಲ್ಲರೆಯಲ್ಲಿ ತಾಂಜಿಯರ್. ಅದು ದೇಶ ದೇಶ ಸುತ್ತಿ ಪ್ರವಾಸಕಥನ ಬಿಟ್ಟುಹೋದ ಇಬ್ನ್ ಬತೂತಾ ಹುಟ್ಟಿದ ಊರು, 1304ರಲ್ಲಿ. ಹಳೇ ಪೇಟೆಯ ಸಂದಿಯಲ್ಲಿ ಅವನದ್ದು ಅನ್ನುವ ಒಂದು ಸಣ್ಣ ಗೋರಿ ಇದೆ. ಅದು ಅವನದ್ದೇ ಹೌದೋ ಅಲ್ಲವೋ ಅನ್ನುವ ತಕರಾರೂ ಇದೆ, ಇರಲಿ. ಈ ಮಹಾನುಭಾವ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಹಿನೌರ್ ಅಂತ ಬರೆದಿದ್ದಾನೆ. ಊರಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ, ಬೇರೆಲ್ಲೂ ಹೀಗೆ ಕಂಡಿಲ್ಲ ಅನ್ನುತ್ತಾನೆ. ಹೆಂಗಸರು ಹೊಲಿಗೆ ಹಾಕದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ಸೆರಗು ಹೊದೆಯುವುದನ್ನೂ ಮೂಗಿನ ಚಿನ್ನದ ನತ್ತನ್ನೂ ಬಿಡದೆ ಬರೆದಿದ್ದಾನೆ. ಆಗಿನ ಹೊನ್ನಾವರದ ಸುಲ್ತಾನನ ಮನೆಯ ಊಟದ ವಿವರ ಓದಬೇಕು ನೀವು. ಅನ್ನ, ತುಪ್ಪ, ಮೆಣಸು ಶುಂಠಿ ನಿಂಬೆ ಮಾವಿನ ಉಪ್ಪಿನಕಾಯಿ, ಆಮೇಲೆ ಕೋಳಿ, ಆಮೇಲೆ ಮೀನು, ಪಲ್ಯ, ಕೊನೆಗೆ ಮೊಸರು. ಅಲ್ಲಿಗೆ ಊಟ ಮುಗಿಯಿತು. ಈಗಲೂ ನಮ್ಮಲ್ಲಿ ಊಟ ಮುಗಿಯುವುದು ಹಾಗೇ ತಾನೇ?

ಆದರೆ ಅವನ ಗೋಳು ಒಂದಿದೆ. ಅಲ್ಲಿ ಹನ್ನೊಂದು ತಿಂಗಳು ಇದ್ದೆ, ರೊಟ್ಟಿ ಅನ್ನುವುದು ಬಾಯಿಗೆ ಬೀಳಲಿಲ್ಲ, ಬರೀ ಅನ್ನ ಅಂತ. ಅವನ ದೇಶದಲ್ಲಿ ಕೂತು ನಾನು ಕುಚ್ಚಲಕ್ಕಿಗೆ ಹಂಬಲಿಸುವಾಗ ಈ ಸಾಲು ಓದಿ ಒಬ್ಬಳೇ ನಕ್ಕಿದ್ದೆ. ಅಮ್ಮನಿಗೆ ಗೋರಿಯ ಎದುರು ನಿಂತು ಇದನ್ನೆಲ್ಲ ಹೇಳಿದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಾ, 'ಪಾಪ, ಯಾರಾದರೂ ಒಂದು ದೋಸೆಯಾದರೂ ಹುಯ್ದು ಕೊಡಬೇಕಿತ್ತು' ಅಂದರು.

ವಾಪಸ್ ಬಂದ ಮೇಲೆ ಖಾಲ್ತಿಗೆ ಈ ಕತೆಯನ್ನು ಮಗಳು ದಾರಿಜಾದಲ್ಲಿ ಹೇಳಿದಳು. ನನ್ನದಕ್ಕಿಂತ ಅವಳ ದಾರಿಜಾ ಎಷ್ಟೋ ವಾಸಿ. ಖಾಲ್ತಿ ಕಾಸಾಬ್ಲಾಂಕಾ ದಾಟಿ ಉತ್ತರಕ್ಕೆ ಹೋದವರೇ ಅಲ್ಲ. ಹನ್ನೊಂದು ತಿಂಗಳು ರೊಟ್ಟಿ ಇಲ್ಲದೆ ಅಂದಾಗ ಎದೆ ಮೇಲೆ ಕೈಯಿಟ್ಟು 'ಮಿಸ್ಕೀನ್' ಅಂದರು, ಪಾಪದವನು ಅಂತ. ಮುಂದಿನ ಶಾಲೆ ರಜೆಗೆ ನಮ್ಮ ಜೊತೆ ತಾಂಜಿಯರ್‌ಗೆ ಬರುತ್ತಾರಂತೆ. ರೈಲಿನಲ್ಲಿ ಮಾರುವ ರೊಟ್ಟಿ ತಿನ್ನುವ ಹಾಗಿರುವುದಿಲ್ಲ, ನಾನೇ ಮಾಡಿಕೊಂಡು ಬರುತ್ತೇನೆ, ಎಷ್ಟು ಜನ ಅಂತ ಮೊದಲೇ ಹೇಳಿ ಅಂದಿದ್ದಾರೆ.