ಸಾರಡ್ಕ ದಾಟದ ರಿವಾಲ್ವರ್

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ನಮ್ಮ ಮಾವನ ಮನೆ ಅಂಗಳ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ಅಡಿಕೆ ಒಣ ಹಾಕಿದ್ದಾರೆ. ಮೂಲೆಯಲ್ಲಿ ಮಲಗಿರುವವನು ಕಾಳು. ಇಡೀ ವಿಡಿಯೋದಲ್ಲಿ ಇದೇ ಅಂಗಳ, ಇದೇ ನಾಯಿ. ಯಾಕೆಂದರೆ ಇವತ್ತಿನ ವಿಷಯ ರಿವಾಲ್ವರ್, ಮತ್ತು ಮಾವನ ಷರತ್ತು ಒಂದೇ: "ನಿನ್ನ ಕ್ಯಾಮರಾ ಅಂಗಳದಲ್ಲೇ ಇರಲಿ ಮಾರಾಯ. ಜಗಲಿಗೆ ಹತ್ತಬಾರದು."

ಹಾಗಾಗಿ ಅಡಿಕೆ ನೋಡುತ್ತಾ ಕಥೆ ಕೇಳಿ.

ಸಂದರ್ಭ ಎಂತ ಅಂದರೆ, ಎಲೆಕ್ಷನ್ ಬಂತು. ಪ್ರತಿ ಸಲದ ಹಾಗೆ ಮಾವನಿಗೆ ನೋಟಿಸ್ ಬಂದಿದೆ, ಕೋವಿ ತಂದು ಸ್ಟೇಷನ್‌ನಲ್ಲಿ ಇಡಿ ಅಂತ. ಅದೇ ವಾರ ಮಾವನ ಮಗ, ಅಂದರೆ ನನ್ನ ಭಾವ, ಟೆಕ್ಸಾಸ್‌ನಿಂದ ರಜೆಗೆ ಬಂದಿದ್ದಾನೆ. ಅವನ ಬಳಿಯೂ ಅಲ್ಲಿ ಒಂದು ರಿವಾಲ್ವರ್ ಉಂಟು. ಅಪ್ಪ ಮಗ ಇಬ್ಬರೂ ಜಗಲಿಯಲ್ಲಿ ಕೂತರೆ ಮಾತು ಬೇರೆಲ್ಲಿಗೆ ಹೋಗುತ್ತದೆ?

ಮಾವನದ್ದು .32. ಅದು ಗುಂಡಿನ ದಪ್ಪದ ಅಳತೆ. ನಮ್ಮ ಸರಕಾರಿ ಕಾರ್ಖಾನೆಯದ್ದು, 3 ಇಂಚು ನಳಿಗೆ, 6 ಗುಂಡು. .38, 9 ಎಂಎಂ ಎಲ್ಲ ಇಲ್ಲಿ ಪೊಲೀಸರ, ಸೈನ್ಯದ ಅಳತೆ. ಮಾಮೂಲಿ ಲೈಸೆನ್ಸಿಗೆ ಸಿಗುವುದಿಲ್ಲ. ಭಾವನದ್ದು ಅದೇ .38. ಅಲ್ಯೂಮಿನಿಯಂ ಮೈ, 2 ಇಂಚಿಗೂ ಕಮ್ಮಿ ನಳಿಗೆ, 5 ಗುಂಡು. ನಾನು ಅದಕ್ಕೆ ಮೊಂಡು ಮೂತಿ ಅಂತ ಹೆಸರಿಟ್ಟಿದ್ದೇನೆ. ಅಮೆರಿಕದಲ್ಲಿ ಈ ಜಾತಿ ಹಳೆಯದು. 1927ರಲ್ಲಿ ಕೋಲ್ಟ್ ಕಂಪನಿ ಪತ್ತೇದಾರರ ಜೇಬಿಗೆ ಅಂತ ಒಂದು ಮಾಡಿತ್ತು. 1950ರಲ್ಲಿ ಸ್ಮಿತ್ ಆಂಡ್ ವೆಸ್ಸನ್‌ನವರು ಇನ್ನೂ ಸಣ್ಣದು ತಂದರು. ಆಮೇಲೆ ಅಲ್ಯೂಮಿನಿಯಂ ಬಂತು, ಟೈಟಾನಿಯಂ ಬಂತು, 2009ರಲ್ಲಿ ರೂಗರ್‌ನವರು ಪ್ಲಾಸ್ಟಿಕ್ಕನ್ನೂ ಸೇರಿಸಿದರು. ಭಾವನದ್ದು ಇವುಗಳಲ್ಲಿ ಯಾರದ್ದು ಅಂತ ಕೇಳಬೇಡಿ, ಹೇಳುವುದಿಲ್ಲ.

ಮಾವ ಸುಮ್ನೆ ಕೂರುವವರಲ್ಲ. ಅಡಿಕೆ ತೂಗುವ ತಕ್ಕಡಿ ತಂದರು. ಹೆಬ್ಬೆರಳಿನಿಂದ ಚಿಲಕ ಒತ್ತಿದರು, ನಳಿಗೆ ಕೆಳಕ್ಕೆ ಬಗ್ಗಿತು. ತೋಟದ ಕೋವಿ ಮಡಚುವ ಹಾಗೆಯೇ. ಆರೂ ತೂತಿನಲ್ಲಿ ಬೆಳಕು ಹಾಯುವುದನ್ನು ಮಾವ ನೋಡಿದರು, ನನಗೆ ತೋರಿಸಿದರು, ಭಾವನಿಗೆ ತೋರಿಸಿದರು, ಮತ್ತೆ ತಾವೇ ನೋಡಿದರು. ಆಮೇಲೆ ತಕ್ಕಡಿಗೆ ಇಟ್ಟರು. ಹತ್ತಿರ ಹತ್ತಿರ 700 ಗ್ರಾಂ.

"ನಿನ್ನದು?" ಅಂತ ಮಗನನ್ನು ಕೇಳಿದರು.

ಭಾವ ತಕ್ಕಡಿ ಖಾಲಿ ಮಾಡಿ, ಸುಲಿದ ಚಾಲಿ ಅಡಿಕೆ ಹಾಕುತ್ತಾ ಹೋದ. 425ಕ್ಕೆ ನಿಲ್ಲಿಸಿದ. ನಾನು ಆ ಅಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದೆ. ಜೇಬಿಗೆ ಹಾಕಿದರೆ ಮರೆತೇ ಹೋಗುವ ಭಾರ. "ಅದೇ ಆಗಿದ್ದು" ಅಂದ ಭಾವ. "ಅಂಗಡಿಯಲ್ಲಿ ಕೈಗೆ ತಗೊಂಡಾಗ ಇಷ್ಟು ಹಗುರ ಉಂಟಲ್ಲ ಅಂತ ಖುಷಿಯಾಯ್ತು. ಗುಂಡು ಹೊಡೆದ ಮೇಲೆ ಗೊತ್ತಾಯ್ತು."

ಸಿಡಿಯುವ ಶಕ್ತಿ ಎಲ್ಲಿಗಾದರೂ ಹೋಗಬೇಕು ಅಲ್ವಾ? ಕೋವಿ ಭಾರ ಇದ್ದರೆ ಅದು ಸ್ವಲ್ಪ ನುಂಗುತ್ತದೆ. ಹಗುರ ಇದ್ದರೆ ಪೂರ್ತಿ ಕೈಗೆ. ಮೊದಲ ದಿನ ರೇಂಜಿಗೆ 50 ಗುಂಡಿನ ಡಬ್ಬಿ ತಗೊಂಡು ಹೋದವನು 20ಕ್ಕೆ ನಿಲ್ಲಿಸಿದನಂತೆ. ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮ ಕೆಂಪಾಗಿ ಸುಲಿದಿತ್ತು. ಮಾರನೇ ದಿನ ಆಫೀಸಿನಲ್ಲಿ ಕಾಫಿ ಲೋಟ ಎಡಗೈಯಲ್ಲಿ. ದೊಡ್ಡ ರಬ್ಬರ್ ಹಿಡಿ ಹಾಕಿಸಿದ, ನೋವು ಕಮ್ಮಿಯಾಯ್ತು. ಆದರೆ ಈಗ ಅದು ಜೇಬಿಗೇ ಹೋಗುವುದಿಲ್ಲ! ಮತ್ತೆ ಸಣ್ಣ ಹಿಡಿ.

ಕುದುರೆಯದ್ದು, ಅಂದರೆ ಟ್ರಿಗರ್‌ನದ್ದು, ಇನ್ನೊಂದು ಕಥೆ. ತೋಟೆಗೆ ಬಡಿಯುವ ಹ್ಯಾಮರ್ ಒಳಗೇ ಅಡಗಿರುವ ಮಾಡೆಲ್ ಅದು, ಜೇಬಿನ ಬಟ್ಟೆಗೆ ಸಿಕ್ಕಿಕೊಳ್ಳಬಾರದು ಅಂತ. ಹಾಗಾಗಿ ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಎಳೆದಿಡಲು ಆಗುವುದಿಲ್ಲ, ಪ್ರತಿ ಸಲ ಕುದುರೆಯನ್ನು ಉದ್ದಕ್ಕೆ, ಬಲವಾಗಿ ಎಳೆಯಲೇಬೇಕು. 5 ಕಿಲೋಗೂ ಮೇಲೆ. ಲೆಕ್ಕ ಹಾಕಿ: ಅರ್ಧ ಕಿಲೋ ಕೂಡ ಇಲ್ಲದ ವಸ್ತುವನ್ನು ಅಲುಗಾಡದ ಹಾಗೆ ಹಿಡಿದು, ಅದರ ಹತ್ತು ಪಟ್ಟು ಬಲದಲ್ಲಿ ಒಂದೇ ಬೆರಳಿನಿಂದ ಎಳೆಯಬೇಕು. ಮೂತಿ ಆ ಕಡೆ ಈ ಕಡೆ ಹೋಗದೆ ಇರುತ್ತದಾ? ಭಾವ ತಿಂಗಳುಗಟ್ಟಲೆ ರಾತ್ರಿ ಡಮ್ಮಿ ಗುಂಡು ಹಾಕಿ ಗೋಡೆಗೆ ಹಿಡಿದು ಅಭ್ಯಾಸ ಮಾಡಿದ. ಆಮೇಲೆ 7 ಗಜದಲ್ಲಿ ಗುಂಡು ಒಂದು ತಟ್ಟೆಯೊಳಗೆ ಬೀಳತೊಡಗಿತಂತೆ. ಅದಕ್ಕೂ ದೂರ ಆದರೆ ತನಗೇ ನಂಬಿಕೆ ಇಲ್ಲ ಅಂತಾನೆ.

ಇನ್ನೂ ಹಗುರ ಬೇಕು ಅಂತ 350 ಗ್ರಾಮಿಗೂ ಕಮ್ಮಿಯದ್ದು ತಗೊಂಡ ಅವನ ಸ್ನೇಹಿತನಿಗೆ ಬೇರೆಯೇ ತಲೆಬಿಸಿ. ಹೊಡೆದಾಗ ಕೋವಿ ಎಷ್ಟು ಜೋರಾಗಿ ಹಿಂದಕ್ಕೆ ಎಳೆಯುತ್ತದೆ ಅಂದರೆ, ಇನ್ನೂ ಹೊಡೆಯದ ತೋಟೆಗಳ ಸೀಸ ತನ್ನ ಕವಚದಿಂದ ಮುಂದಕ್ಕೆ ಜಾರುತ್ತದೆ. ಅದು ಹೊರಗೆ ಇಣುಕಿದರೆ ತೋಟೆ ತುಂಬುವ ಉರುಳೆ ತಿರುಗುವುದಿಲ್ಲ. ಕೋವಿ ಅಲ್ಲೇ ಬಂದ್.

"ಖಾಲಿ ಕವಚ ಬೀಳುತ್ತದಾ ಸರಿಯಾಗಿ?" ಮಾವ ಕೇಳಿದರು. ಭಾವ ನಕ್ಕ. ನಳಿಗೆ ಗಿಡ್ಡ ಆದ ಮೇಲೆ ಅದರಡಿ ಇರುವ ತಳ್ಳುವ ಕಡ್ಡಿಯೂ ಗಿಡ್ಡ. ಕವಚ ಅರ್ಧ ಹೊರಗೆ ಬಂದು ನೇತಾಡುತ್ತದೆ, ಉಗುರಿನಲ್ಲಿ ಎಳೆಯಬೇಕು. ಮಾವ ತಮ್ಮದನ್ನು ಮತ್ತೊಮ್ಮೆ ಮಡಚಿ ತೋರಿಸಿದರು. ಆರೂ ಒಟ್ಟಿಗೆ ಮೇಲೇಳುವ ಏರ್ಪಾಡು ಅದರಲ್ಲಿ. ಗೆದ್ದ ಮುಖ.

ಆದರೆ ಮಾವನ ಸಂಸಾರವೂ ಸುಖದ್ದಲ್ಲ. ನಮ್ಮ ಜೂನ್ ಜುಲೈ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಮೊದಲ ಮಳೆಗಾಲ ಚರ್ಮದ ಚೀಲದಲ್ಲೇ ಇಟ್ಟಿದ್ದರು. ಚರ್ಮ ತೇವ ಹಿಡಿದು, ಶ್ರಾವಣದಲ್ಲಿ ತೆಗೆದರೆ ಉಕ್ಕಿನ ಮೇಲೆ ಕಂದು ಚುಕ್ಕೆ. ಅದಕ್ಕೆ ಅಡುಗೆ ಮನೆಯಿಂದ ತೆಂಗಿನೆಣ್ಣೆ ತಂದು ಹಚ್ಚಿದರು. ಕಾಸರಗೋಡಿನವರಿಗೆ ಎಲ್ಲ ರೋಗಕ್ಕೂ ಅದೇ ಮದ್ದು. ಎಣ್ಣೆ ಒಳಗೆ ಅಂಟಾಗಿ, ಎಳೆದ ಕುದುರೆ ವಾಪಸ್ ಬರಲಿಲ್ಲ. ಬಿಚ್ಚಿ ತೊಳೆಸುವಷ್ಟರಲ್ಲಿ ಸಾಕಾಯ್ತು. ಈಗ ಚರ್ಮ ಬೇಡ, ತೆಳುವಾಗಿ ಕೋವಿ ಎಣ್ಣೆ, ಹಳೇ ಪಂಚೆಯ ತುಂಡು, ಬೀಗದ ಕಪಾಟು.

2014ರಲ್ಲಿ ಕಾನ್ಪುರದಿಂದ ನಿರ್ಭೀಕ್ ಅಂತ ಟೈಟಾನಿಯಂ ಮಿಶ್ರಲೋಹದ ರಿವಾಲ್ವರ್ ಬಂದಾಗ ಮಾವನಿಗೂ ಆಸೆ ಆಗಿತ್ತಂತೆ. ಅದೇ .32, 500 ಗ್ರಾಂ. ಬೆಲೆ 1.22 ಲಕ್ಷ. ದಿಲ್ಲಿಯ ನಿರ್ಭಯಾ ಘಟನೆಯ ನಂತರ ಹೆಂಗಸರ ವ್ಯಾನಿಟಿ ಬ್ಯಾಗಿಗೆ ಅಂತ ಮಾಡಿದ್ದು. "200 ಗ್ರಾಂ ಇಳಿಸಲಿಕ್ಕೆ ಲಕ್ಷಕ್ಕೂ ಮೇಲೆ ಕೊಡುವುದಕ್ಕಿಂತ ನಾನೇ ಹೊಟ್ಟೆ ಇಳಿಸುತ್ತೇನೆ" ಅಂದರು. ಅದೂ ಇಳಿದಿಲ್ಲ, ಬಿಡಿ.

ಭಾವ ಇರುವ ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ವರ್ಷ ದಾಟಿದವರು, ಕಾನೂನಿನ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದೆಯೇ ಇಟ್ಟುಕೊಂಡು ತಿರುಗಬಹುದು. ಇಲ್ಲಿ ಕಲೆಕ್ಟರ್ ಲೈಸೆನ್ಸ್, ಪೊಲೀಸ್ ವರದಿ, ತರಬೇತಿಯ ಸರ್ಟಿಫಿಕೇಟು. ಹೊರಗೆ ಒಯ್ದರೆ ಯಾರಿಗೂ ಕಾಣದ ಹಾಗೆ ಚೀಲದೊಳಗೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಮಾವನಿಗೆ ಅದು ಸರಿಹೋಗಿದೆ: ಇದೊಂದು, ತೋಟದ ಉದ್ದ ಕೋವಿ ಒಂದು. ನಿಜವಾಗಿ ಉಪಯೋಗಕ್ಕೆ ಬರುವುದು ಆ ಉದ್ದದ್ದು. ಕಾಡುಹಂದಿಗೆ ಗುಂಡು ಹೊಡೆಸಲು ಅನುಮತಿ ಕೊಡುವ ಅಧಿಕಾರ 2022ರಲ್ಲಿ ಕೇರಳದ ಪಂಚಾಯತ್ ಅಧ್ಯಕ್ಷರಿಗೇ ಸಿಕ್ಕಿತು. ಆದರೆ ಎಲೆಕ್ಷನ್ ಮುಗಿಯುವವರೆಗೆ ಕೋವಿ ಸ್ಟೇಷನ್‌ನಲ್ಲಿ, ಹಂದಿ ತೋಟದಲ್ಲಿ. ನೀತಿ ಸಂಹಿತೆ ಹಂದಿಗೆ ಯಾರು ಹೇಳುವುದು?

ಹಾಗಾದರೆ ಈ ರಿವಾಲ್ವರ್ ಯಾಕೆ ತಗೊಂಡರು? ಅಡಿಕೆ ದುಡ್ಡು. ಆಗ ಎಲ್ಲ ನಗದು ವ್ಯವಹಾರ. ಮಾರುತ್ತಿದ್ದದ್ದು ವಿಟ್ಲದಲ್ಲಿ. ಲೈಸೆನ್ಸ್ ಪುಸ್ತಕದಲ್ಲಿ ಕೋವಿಯನ್ನು ಎಲ್ಲೆಲ್ಲಿ ಒಯ್ಯಬಹುದು ಅನ್ನುವ ಕಾಲಂ ಒಂದಿರುತ್ತದೆ, ಮಾವನದ್ದರಲ್ಲಿ ಕೇರಳ ಅಂತ ಮಾತ್ರ ಬರೆದಿದೆ. ಗಡಿಯ ಸಾರಡ್ಕ ದಾಟಿದರೆ ಕರ್ನಾಟಕ, ವಿಟ್ಲ ಆ ಕಡೆ. ಅಂದರೆ ಬರಿಗೈಯಲ್ಲಿ ಈ ಕಡೆಯ ಬದಿಯಡ್ಕಕ್ಕೆ ಹೋಗುವ ದಿನ ರಿವಾಲ್ವರ್ ಜೊತೆಗಿರಬಹುದು. ಕಟ್ಟು ಕಟ್ಟು ನೋಟು ಹಿಡಿದು ವಿಟ್ಲದಿಂದ ಬರುವ ದಿನ ಅದು ಕಪಾಟಿನಲ್ಲಿ! ಭಾವ ಈ ಭಾಗ ಕೇಳಿ ಎಷ್ಟು ನಕ್ಕ ಅಂದರೆ, ಕಾಳು ಎದ್ದು ಬಂದು ನೋಡಿತು.

ಮಾರನೇ ದಿನ ಬೆಳಗ್ಗೆ ಮೂವರೂ ಸ್ಟೇಷನ್‌ಗೆ ಹೋದೆವು. ಕ್ಯಾಮರಾ ಕಾರಲ್ಲೇ. ಒಳಗೆ ನಂಬರ್ ನೋಡಿದರು, ತೋಟೆ ಎಣಿಸಿದರು, ಮಲಯಾಳದಲ್ಲಿ ರಶೀದಿ ಬರೆದರು. ಮಾವ ಒಂದೊಂದೇ ಅಕ್ಷರ ಕೂಡಿಸಿ ಓದಿ, ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು.

ಹೊರಗೆ ಬಂದವರು ಸೀದಾ ಮನೆಗೆ ಅಂತ ನಾನು ಗಾಡಿ ತಿರುಗಿಸಿದರೆ, "ಆ ಕಡೆ ಅಲ್ಲ ಮಾರಾಯ" ಅಂದರು. "ವಿಟ್ಲಕ್ಕೆ ನಡಿ. ಅಡಿಕೆಯದ್ದು ಬಾಕಿ ಬರಲಿಕ್ಕುಂಟು."

ಸಾರಡ್ಕದಲ್ಲಿ ಚಹಾ ಕುಡಿದೆವು. ವಾಪಸ್ ಬರುವಾಗ ದುಡ್ಡಿನ ಚೀಲ ಭಾವನ ತೊಡೆ ಮೇಲಿತ್ತು, ಅದರ ಮೇಲೆ ಒಂದು ಕಟ್ಟು ವೀಳ್ಯದೆಲೆ.