ಸವೆದುಹೋದ ಎಫ್ ಕೀ: ಲಿನಕ್ಸಿನಲ್ಲಿ ದಿನನಿತ್ಯದ ಕನ್ನಡ

[ದೃಶ್ಯ: ಕೀಬೋರ್ಡ್, ತೀರಾ ಹತ್ತಿರದಿಂದ. ಒಂದು ಕೀ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿದೆ.]

ಈ ಕೀಬೋರ್ಡ್ ನೋಡಿ. ಎಲ್ಲಾ ಕೀಗಳ ಮೇಲೂ ಅಕ್ಷರ ಕಾಣ್ತಿದೆ, ಇದೊಂದರ ಮೇಲೆ ಮಾತ್ರ ಇಲ್ಲ. ಇದು ಎಫ್ ಕೀ. ಇಂಗ್ಲಿಷ್‌ನಲ್ಲಿ ಎಫ್ ಅಷ್ಟೊಂದು ಬಳಕೆಯಾಗೋ ಅಕ್ಷರವೇನಲ್ಲ. ಅದು ಇಷ್ಟು ಸವೆದಿದೆ ಅಂದ್ರೆ ಈ ಕೀಬೋರ್ಡ್ ಮೇಲೆ ಯಾರೋ ವರ್ಷಗಟ್ಟಲೆ ಕನ್ನಡ ಬರೆದಿದ್ದಾರೆ.

ಬರೆದವರು ನಮ್ಮ ಅಪ್ಪ. ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬೆಳಿಗ್ಗೆ ಕಾಫಿ ಆದಮೇಲೆ ಲ್ಯಾಪ್‌ಟಾಪ್ ತೆಗೆದ್ರೆ ಸಹಕಾರ ಸಂಘದ ಅರ್ಜಿ, ಹಳೇ ವಿದ್ಯಾರ್ಥಿಗಳಿಗೆ ಪತ್ರ, ಊರಿನ ಸ್ಮರಣ ಸಂಚಿಕೆಗೆ ಲೇಖನ, ಹೀಗೆ ಏನಾದರೊಂದು ನಡೀತಾನೇ ಇರುತ್ತೆ. ಲ್ಯಾಪ್‌ಟಾಪ್ 2016ರದ್ದು, ನಾಲ್ಕು ಜಿಬಿ ರ‍್ಯಾಮ್. ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ಮುಗೀತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಹೊಸ ಪ್ರೊಸೆಸರ್ ಬೇಕು. ಈ ಯಂತ್ರದಲ್ಲಿ ಎರಡೂ ಇಲ್ಲ. ಆದರೆ ಪರದೆ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ. ಇದನ್ನ ಗುಜರಿಗೆ ಹಾಕೋಕೆ ನನಗೆ ಮನಸ್ಸು ಬರಲಿಲ್ಲ.

ಹಾಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿದೆ. ಇದೂ ವಿಂಡೋಸ್ ಥರ ಕಂಪ್ಯೂಟರ್ ನಡೆಸೋ ವ್ಯವಸ್ಥೆ, ಉಚಿತ. ಹಾಕೋದು ಹೇಗೆ ಅನ್ನೋದಕ್ಕೆ ಸಾವಿರ ವಿಡಿಯೋಗಳಿವೆ, ಅದನ್ನ ಇಲ್ಲಿ ಹೇಳೋದಿಲ್ಲ. ಎರಡೇ ಮಾತು. ಒಂದು, ಇನ್‌ಸ್ಟಾಲ್ ಮಾಡೋ ಮೊದಲು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ಅರ್ಧ ಗಂಟೆ ಬಳಸಿ ನೋಡಿ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಮುಚ್ಚಳ ಮುಚ್ಚಿ ತೆಗೆದ್ರೆ ಎಚ್ಚರ ಆಗುತ್ತಾ, ಎಲ್ಲಾ ಅಲ್ಲೇ ಗೊತ್ತಾಗುತ್ತೆ. ಡಿಸ್ಕಿನಲ್ಲಿ ಇರೋದಕ್ಕೆ ಏನೂ ಆಗಲ್ಲ. ಎರಡು, ಹಳೇ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗವಾಗಿ ಕೆಲಸ ಮಾಡೋ ಎಸ್‌ಎಸ್‌ಡಿ ಹಾಕಿಸಿ. "ಲಿನಕ್ಸ್ ಹಾಕಿದ್ಮೇಲೆ ರಾಕೆಟ್ ಥರ ಓಡ್ತಿದೆ" ಅನ್ನೋ ಮಾತಿನಲ್ಲಿ ದೊಡ್ಡ ಪಾಲು ಎಸ್‌ಎಸ್‌ಡಿಗೆ ಸೇರಬೇಕು. ಇದನ್ನ ಪ್ರಾಮಾಣಿಕವಾಗಿ ಹೇಳಲೇಬೇಕು.

[ದೃಶ್ಯ: ಕೀಬೋರ್ಡ್ ಸೆಟ್ಟಿಂಗ್ಸ್ ಕಿಟಕಿ. ಲೇಔಟ್ ಪಟ್ಟಿ ಕೆಳಗೆ ಸರಿಯುತ್ತಿದೆ.]

ಅಪ್ಪ ಕೇಳಿದ ಮೊದಲನೇ ಪ್ರಶ್ನೆ, "ನನ್ನ ಟೈಪಿಂಗ್ ಹಾಗೇ ಇರುತ್ತೇನೋ?"

ಇರುತ್ತೆ. ಮತ್ತೆ ಅದು ಇರೋ ರೀತಿ ನೋಡಿದಾಗ ನನಗೆ ಹೆಮ್ಮೆ ಆಯ್ತು. ಈ ಪಟ್ಟಿ ನೋಡಿ, ಕನ್ನಡದ ಮುಂದೆ ಆವರಣದಲ್ಲಿ 'ಕಗಪ' ಅಂತಿದೆ. ಕಗಪ ಅಂದ್ರೆ ಕನ್ನಡ ಗಣಕ ಪರಿಷತ್. ಕೆ.ಪಿ. ರಾವ್ ಅವರು ರೂಪಿಸಿದ, ಮುಂದೆ ನಮ್ಮ ಸರ್ಕಾರ ಒಪ್ಪಿದ ಕೀಲಿಮಣೆಯ ವಿನ್ಯಾಸ ಇದು. ಕೆ ಒತ್ತಿದ್ರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದ್ರೆ ಖ. ಒತ್ತಕ್ಷರಕ್ಕೆ ಎಫ್. 'ಕನ್ನಡ' ಬರೀಬೇಕಾದ್ರೆ ಕೆ, ಎನ್, ಎಫ್, ಎನ್, ಡಬ್ಲ್ಯು. ಎಫ್ ಯಾಕೆ ಸವೀತು ಅಂತ ಈಗ ಗೊತ್ತಾಯ್ತಲ್ಲ? ಅಕ್ಕ, ಅಣ್ಣ, ಅಪ್ಪ, ಅಮ್ಮ, ಪ್ರತಿಯೊಂದಕ್ಕೂ ಅದನ್ನ ಒತ್ತಬೇಕು.

ಇನ್ನೂ ಕೆಳಗೆ ಬನ್ನಿ. ತೆಲುಗಿನ ಮುಂದೆ ಕಗಪ. ಹಿಂದಿಯ ಮುಂದೆ ಕಗಪ. ಮರಾಠಿ, ಸಂಸ್ಕೃತದ ಮುಂದೆಯೂ ಕಗಪ. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಉಬುಂಟು, ಫೆಡೋರಾ, ಮಿಂಟ್, ಹೀಗೆ ಲಿನಕ್ಸಿನ ಯಾವ ರೂಪ ಹಾಕಿಕೊಂಡರೂ ಅವರ ಡಿಸ್ಕಿನಲ್ಲಿ ಕನ್ನಡ ಗಣಕ ಪರಿಷತ್ತಿನ ಹೆಸರು ಕೂತಿರುತ್ತೆ. ಇದನ್ನ ಯಾರೂ ಜಾಹೀರಾತು ಮಾಡಿಲ್ಲ. ಯಾರೋ ಪುಣ್ಯಾತ್ಮರು ಕೂತು ಆ ಕಡತ ಬರೆದು ಸೇರಿಸಿದ್ದಾರೆ, ಅಷ್ಟೆ.

ಒಂದು ಸೂಕ್ಷ್ಮ ಇದೆ. ಈ ಪಟ್ಟಿಯಲ್ಲಿರೋ ಲೇಔಟು ಕೀಗೆ ಅಕ್ಷರ ಕೊಡುತ್ತೆ ಹೊರತು ಹಿಂದೆ ಏನು ಬರೆದಿದ್ದೀರಿ ಅಂತ ನೆನಪಿಟ್ಟುಕೊಳ್ಳಲ್ಲ. ಪದದ ಮೊದಲಲ್ಲಿ 'ಇ' ಬೇಕಾ, ಕ ಆದಮೇಲೆ ಗುಡಿಸು ಬೇಕಾ ಅನ್ನೋದು ಅದಕ್ಕೆ ತಿಳಿಯಲ್ಲ. ಎರಡಕ್ಕೂ ಬೇರೆ ಬೇರೆ ಒತ್ತಬೇಕಾಗುತ್ತೆ. ಇಪ್ಪತ್ತು ವರ್ಷದಿಂದ ಒಂದೇ ಕೀ ಒತ್ತಿ ರೂಢಿ ಆಗಿರೋ ಅಪ್ಪನಂಥವರಿಗೆ ಇದು ಕಿರಿಕಿರಿ. ಅವರಿಗೆ ಐಬಸ್ ಅನ್ನೋ ಸಾಫ್ಟ್‌ವೇರಿನ ಜೊತೆ ಎಂ17ಎನ್ ಅನ್ನೋ ಪ್ಯಾಕೇಜ್ ಹಾಕಿ, ಅದರಲ್ಲಿ ಕನ್ನಡ ಕೆಜಿಪಿ, ಅಂದ್ರೆ ಅದೇ ಕಗಪ, ಆರಿಸಿಕೊಟ್ಟೆ. ಹಿಂದಿನ ಅಕ್ಷರ ನೋಡಿಕೊಂಡು ಸ್ವರವೋ ಗುಣಿತವೋ ಅಂತ ಅದೇ ತೀರ್ಮಾನ ಮಾಡುತ್ತೆ. ಹತ್ತು ನಿಮಿಷದಲ್ಲಿ ಅಪ್ಪನ ಬೆರಳು ಮೊದಲಿನ ಹಾಗೇ ಓಡೋಕೆ ಶುರುವಾಯ್ತು.

ಫಾಂಟುಗಳ ಚಿಂತೆ ಬೇಡ. ನೋಟೋ ಇದೆ, ಲೋಹಿತ್ ಇದೆ. ಜೊತೆಗೆ ಅರವಿಂದ ವಿ.ಕೆ. ಅವರು ಮಾಡಿದ ಗುಬ್ಬಿ ಮತ್ತು ನವಿಲು, ಅದಕ್ಕೂ ಹಳೆಯ ಕೇದಗೆ, ಮಲ್ಲಿಗೆ. ಹೆಸರು ಕೇಳಿದ್ರೇ ಹಾಕಿಕೊಳ್ಳೋಣ ಅನ್ಸುತ್ತೆ.

[ದೃಶ್ಯ: ಒಂದು ಕಡತ ತೆರೆಯುತ್ತದೆ. ಪುಟದ ತುಂಬ ಯುರೋಪಿನ ಲಿಪಿಯ ಅಕ್ಷರಗಳು, ತಲೆಯ ಮೇಲೆ ಗೀಟು, ಚುಕ್ಕಿ.]

ನಿಜವಾದ ಕಷ್ಟ ಎದುರಾಗಿದ್ದು ಇಲ್ಲಿ. ಅಪ್ಪನ ಹಳೇ ಕಡತಗಳು, ಮುನ್ನೂರಕ್ಕೂ ಹೆಚ್ಚು. ತೆರೆದ್ರೆ ಹೀಗೆ. ವೈರಸ್ ಬಂದಿದೆ ಅಂತ ಅಪ್ಪ ಗಾಬರಿ ಆದರು. ವೈರಸ್ ಅಲ್ಲ. ಲಿನಕ್ಸಿನ ತಪ್ಪೂ ಅಲ್ಲ.

ತೊಂಬತ್ತರ ದಶಕದಲ್ಲಿ ಕಂಪ್ಯೂಟರಿಗೆ ಕನ್ನಡ ತರಬೇಕಾದಾಗ ನಮ್ಮವರು ಒಂದು ಉಪಾಯ ಮಾಡಿದ್ದರು. ಒಳಗಡೆ ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳೇ ಇರುತ್ತವೆ, ಫಾಂಟು ಮಾತ್ರ ಅವುಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುತ್ತೆ. ಇದನ್ನೇ ನಾವು ಆಸ್ಕಿ ಫಾಂಟು ಅನ್ನೋದು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದ್ರೆ ವೇಷ ಕಳಚುತ್ತೆ. ಆಗಿನ ಕಾಲಕ್ಕೆ ಅದು ಬೇಕಾಗಿತ್ತು, ಅದರಿಂದಲೇ ಕನ್ನಡದ ಸಾವಿರಾರು ಪುಸ್ತಕ ಅಚ್ಚಾದವು. ನಾನು ಅದನ್ನ ಹಳಿಯೋದಿಲ್ಲ.

ಆದರೆ ಒಳಗೆ ಏನಿದೆ ನೋಡಿ. ನನಗಂತೂ ಇದು ಬೆರಗು.

[ಪರದೆ ಮೇಲೆ: 'ಮ' ಅಕ್ಷರ ಮೂರು ತುಂಡಾಗಿ ಬಿಡಿಸಿಕೊಳ್ಳುತ್ತದೆ.]

ಅಲ್ಲಿ 'ಕ' ಒಂದು ಅಕ್ಷರ ಅಲ್ಲ. ಕ-ದ ಒಡಲು ಒಂದು ತುಂಡು, ತಲೆಕಟ್ಟು ಇನ್ನೊಂದು. 'ಮ' ಮೂರು ತುಂಡು: ವ-ದ ಒಡಲು, ತಲೆಕಟ್ಟು, ಪಕ್ಕಕ್ಕೊಂದು ಕೊಂಬು. 'ಯ' ನಾಲ್ಕು: ಮೊದಲಿಗೆ ಸೊನ್ನೆ, ಅನುಸ್ವಾರಕ್ಕೆ ಬಳಸೋ ಅದೇ ಸೊನ್ನೆ, ಆಮೇಲೆ ಒಂದು ಗೆರೆ, ತಲೆಕಟ್ಟು, ಕೊಂಬು. ಅಚ್ಚುಮೊಳೆ ಜೋಡಿಸೋರು ಹೇಗೆ ಜೋಡಿಸ್ತಿದ್ರೋ ಹಾಗೆ. ಕಣ್ಣಿಗೆ ಸರಿಯಾಗಿ ಕಂಡ್ರೆ ಸಾಕು.

ಈಗ ಎಲ್ಲ ಕಡೆ ಬಳಸೋ ಅಕ್ಷರ ಸಂಕೇತಗಳ ಪದ್ಧತಿ ಯೂನಿಕೋಡ್ ಹಾಗಲ್ಲ. 'ಮ' ಅಂದ್ರೆ ಮ, ಒಂದೇ ಸಂಕೇತ. ಹಾಗಾಗಿ ಹಳೇ ಕಡತವನ್ನ ಯೂನಿಕೋಡಿಗೆ ತರೋ ಪ್ರೋಗ್ರಾಮು ಆ ತುಂಡುಗಳನ್ನೆಲ್ಲ ನೋಡಿ, ಇದು ಮ, ಇದು ಯ, ಇದು ಬರೀ ಸೊನ್ನೆ ಅಂತ ಗುರುತಿಸಬೇಕು. ಎಲ್ಲಕ್ಕಿಂತ ಕಷ್ಟ ಅರ್ಕಾವತ್ತಿನದ್ದು. 'ಸೂರ್ಯ' ತಗೊಳ್ಳಿ. ಹಳೇ ಪದ್ಧತಿಯಲ್ಲಿ ಸೂ, ಯ, ಕೊನೆಗೆ ಅರ್ಕಾವತ್ತು. ಯೂನಿಕೋಡಿನಲ್ಲಿ ನಾವು ಬಾಯಲ್ಲಿ ಹೇಳೋ ಕ್ರಮ: ಸೂ, ಆಮೇಲೆ ರ್, ಆಮೇಲೆ ಯ. ಅಂದ್ರೆ ಪ್ರೋಗ್ರಾಮು ಕೊನೇಲಿರೋ ಚಿಹ್ನೆಯನ್ನ ಎತ್ತಿ ಹಿಂದಿನ ಅಕ್ಷರಕ್ಕಿಂತ ಮುಂಚೆ ಇಡಬೇಕು.

ಇದನ್ನೆಲ್ಲ ಮಾಡೋ ಪರಿವರ್ತಕವೊಂದನ್ನ ಗುಬ್ಬಿ, ನವಿಲು ಮಾಡಿದ ಅರವಿಂದ ಅವರೇ ಬರೆದು ಮುಕ್ತವಾಗಿ ಕೊಟ್ಟಿದ್ದಾರೆ. ತೆರೆದು ನೋಡಿದ್ರೆ ಒಳಗೆ ಇರೋದು ಮುಖ್ಯವಾಗಿ ಒಂದು ದೊಡ್ಡ ಪಟ್ಟಿ. ಎಡಗಡೆ ಹಳೇ ಚಿಹ್ನೆ, ಬಲಗಡೆ ಕನ್ನಡ ಅಕ್ಷರ. ಅದನ್ನ ಬರೆದಿರೋ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಗೊತ್ತಿಲ್ಲದ ಅಪ್ಪನೂ ಅದನ್ನ ಓದಿದರು, ಬೆರಳಿಟ್ಟುಕೊಂಡು, ಹಾಜರಿ ಪುಸ್ತಕ ಓದೋ ಹಾಗೆ. ಅಪ್ಪ ಬಳಸ್ತಿದ್ದ ಫಾಂಟಿನ ಒಂದು ಒತ್ತಕ್ಷರ ಸರಿಯಾಗಿ ಬರ್ತಿರಲಿಲ್ಲ. ನನ್ನ ಪ್ರತಿಯಲ್ಲಿ ಒಂದು ಸಾಲು ಸೇರಿಸಿದೆ, ಮತ್ತೆ ಓಡಿಸಿದೆ, ಅಷ್ಟೂ ಕಡತದಲ್ಲಿ ಸರಿಹೋಯ್ತು. ಮುಕ್ತ ತಂತ್ರಾಂಶ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ದುಡ್ಡಿನ ಮಾತು ಎತ್ತಲ್ಲ. ಆ ಒಂದು ಸಾಲು ತೋರಿಸ್ತೀನಿ.

[ದೃಶ್ಯ: ಕಡತ ಹುಡುಕುವ ಕಿಟಕಿ. 'ರಾಜ್ಕುಮಾರ್' ಎಂದು ಹುಡುಕಿದರೆ ಏನೂ ಸಿಗುವುದಿಲ್ಲ.]

ಯೂನಿಕೋಡಿಗೆ ಬಂದಮೇಲೂ ಒಂದು ವಿಷಯ ತಿಳಿದಿರಬೇಕು. ರಾಜ್‌ಕುಮಾರ್ ಅಂತ ಬರೀಬೇಕು. ಸುಮ್ಮನೆ ಟೈಪ್ ಮಾಡಿದ್ರೆ ಜ-ಗೆ ಕ ಒತ್ತಾಗಿ 'ರಾಜ್ಕುಮಾರ್' ಆಗುತ್ತೆ. ಕೂಡದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕ್ತೀವಿ, ಅಗಲ ಇಲ್ಲದ ಬಿಡಿಸುಗ ಅನ್ನಿ. ಅದಕ್ಕೆ ಉಲ್ಟಾ, ಕೂಡಿಸೋ ಚಿಹ್ನೆಯೂ ಇದೆ. ಅದಿಲ್ಲದಿದ್ರೆ ರ‍್ಯಾಂಕ್ ಅನ್ನೋದು ಅರ್ಕಾವತ್ತು ಹೊತ್ತುಕೊಂಡು 'ರ್ಯಾಂಕ್' ಆಗಿ ಕಾಣುತ್ತೆ. ಈ ಚಿಹ್ನೆ ಕಾಣಲ್ಲ, ಆದರೆ ಕಡತದಲ್ಲಿ ಇರುತ್ತೆ. ಅಪ್ಪ ಚಿಹ್ನೆ ಹಾಕಿ ಬರೆದ ಹೆಸರನ್ನ ನೀವು ಚಿಹ್ನೆ ಇಲ್ಲದೆ ಹುಡುಕಿದ್ರೆ ಎಷ್ಟೋ ಕಡೆ ಸಿಗೋದೇ ಇಲ್ಲ. ಕಡತ ಕಳೆದುಹೋಯ್ತು ಅಂತ ನಾನು ಒಂದು ಸಂಜೆ ಪೂರ್ತಿ ಹುಡುಕಿದ್ದೆ. ಈಗ ಹೆಸರಿನ ಮೊದಲರ್ಧ ಮಾತ್ರ ಕೊಟ್ಟು ಹುಡುಕ್ತೀನಿ.

ಅಕ್ಷರಗಳನ್ನ ಹೀಗೆ ಕೂಡಿಸಿ ಆಕಾರ ಕೊಡೋ ಕೆಲಸ ಲಿನಕ್ಸಿನಲ್ಲಿ ಹಾರ್ಫ್‌ಬಜ್ ಅನ್ನೋ ಮುಕ್ತ ತಂತ್ರಾಂಶದ್ದು. ಫೈರ್‌ಫಾಕ್ಸ್, ಕ್ರೋಮ್, ಪತ್ರ-ಲೇಖನ ಬರೆಯೋಕೆ ಬಳಸೋ ಲಿಬ್ರೆ ಆಫೀಸ್ ಎಲ್ಲದರೊಳಗೂ ಅದೇ. ನಿಮ್ಮ ಆಂಡ್ರಾಯ್ಡ್ ಫೋನಿನೊಳಗೂ ಅದೇ ಇದೆ.

[ದೃಶ್ಯ: ಲಿಬ್ರೆ ಆಫೀಸ್ ರೈಟರ್.]

ಲಿಬ್ರೆ ಆಫೀಸಿನಲ್ಲಿ ಕನ್ನಡದವರು ಬೇಸತ್ತು ಬಿಡೋದು ಒಂದೇ ಜಾಗದಲ್ಲಿ. ಪ್ಯಾರಾಗ್ರಾಫ್ ಸ್ಟೈಲಿಗೆ ಹೋಗಿ ಫಾಂಟು ಹದಿನಾಲ್ಕು ಮಾಡ್ತೀರಿ. ಇಂಗ್ಲಿಷ್ ದೊಡ್ಡದಾಗುತ್ತೆ, ಕನ್ನಡ ಹಾಗೇ ಕೂತಿರುತ್ತೆ. ಕಾರಣ, ರೈಟರ್ ಕನ್ನಡವನ್ನ ಬೇರೆ ಗುಂಪಿನಲ್ಲಿ ಇಟ್ಟಿದೆ, ಅದರ ಫಾಂಟು, ಗಾತ್ರ ಬೇರೆ. ಟೂಲ್ಸ್, ಆಪ್ಷನ್ಸ್, ಅಲ್ಲಿ ಭಾಷೆಗಳ ವಿಭಾಗ. 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಮುಂದೆ ಗುರುತು ಹಾಕಿ, ಕನ್ನಡ ಆರಿಸಿ. ಈಗ ಸ್ಟೈಲಿಗೆ ಹೋದ್ರೆ ಕನ್ನಡದ ಫಾಂಟಿಗೆ ಪ್ರತ್ಯೇಕ ಜಾಗ ಕಾಣುತ್ತೆ. ಒಮ್ಮೆ ಸರಿಮಾಡಿ ಟೆಂಪ್ಲೇಟ್ ಮಾಡಿಟ್ಟರೆ ಮತ್ತೆ ತೊಂದರೆ ಇಲ್ಲ. ಇದು ಮೊದಲ ದಿನವೇ ಕಣ್ಣಿಗೆ ಬೀಳೋ ಹಾಗೆ ಇರಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಪ್ರಿಂಟರ್ ವಿಷಯ ಬೇಗ ಹೇಳಿಬಿಡ್ತೀನಿ. ವೈಫೈ ಇರೋ ಈಚಿನ ಪ್ರಿಂಟರುಗಳು ಬಹುಪಾಲು ಡ್ರೈವರ್ ಇಲ್ಲದೆ ತಾವಾಗೇ ಪಟ್ಟಿಯಲ್ಲಿ ಬರ್ತವೆ. ನಮ್ಮನೇಲಿರೋ ಹಳೇ ಲೇಸರ್ ಪ್ರಿಂಟರಿಗೆ ಕಂಪನಿಯದ್ದೇ ಡ್ರೈವರ್ ಬೇಕಿತ್ತು, ಎರಡು ದಿನ ಹಿಡೀತು.

ಯಾರು ಸದ್ಯಕ್ಕೆ ಲಿನಕ್ಸಿಗೆ ಬರಬಾರದು ಅಂತಲೂ ಹೇಳ್ತೀನಿ. ಡಿಟಿಪಿ ಅಂಗಡಿ ಇಟ್ಟಿದ್ದೀರಿ, ಪೇಜ್‌ಮೇಕರಿನಲ್ಲಿ ಆಸ್ಕಿ ಫಾಂಟಿನ ಕೆಲಸ ದಿನಾ ಬರುತ್ತೆ ಅಂದ್ರೆ ಆ ಯಂತ್ರ ಮುಟ್ಟಬೇಡಿ. ಪುಟ ಜೋಡಿಸೋ ಮುಕ್ತ ತಂತ್ರಾಂಶ ಸ್ಕ್ರೈಬಸ್ 1.6ರಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗೇ ಬರುತ್ತೆ, ಆದರೆ ಗಿರಾಕಿ ತರೋ ಹಳೇ ಕಡತ ಅದರಲ್ಲಿ ಇದ್ದ ಹಾಗೇ ತೆರೆಯುತ್ತೆ ಅನ್ನೋ ಭರವಸೆ ಇಲ್ಲ. ವಿಂಡೋಸಿಗೆ ಮಾತ್ರ ಬರೋ ಲೆಕ್ಕಪತ್ರದ ಸಾಫ್ಟ್‌ವೇರ್ ಮೇಲೆ ಅಂಗಡಿ ನಡೀತಿದ್ರೂ ಅಷ್ಟೆ. ಬೇರೆ ಯಂತ್ರದಲ್ಲಿ ಕಲಿತುಕೊಳ್ಳಿ, ಅನ್ನ ಕೊಡೋ ಯಂತ್ರದಲ್ಲಿ ಬೇಡ.

[ದೃಶ್ಯ: ಕಿಟಕಿ ಪಕ್ಕ ಅಪ್ಪ. ಕನ್ನಡಕ ಮೂಗಿನ ತುದಿಯಲ್ಲಿ. ಪಕ್ಕದಲ್ಲಿ ನೋಟ್‌ಬುಕ್.]

ಪರಿವರ್ತಕ ನೂರಕ್ಕೆ ನೂರು ಸರಿ ಮಾಡಲ್ಲ. ಕೊಂಬಿನ ಎರಡು ರೂಪದಲ್ಲಿ ಒಂದು ಅದಲುಬದಲಾಗಿ ಟೈಪ್ ಆಗಿದ್ರೆ 'ಮ' ಇರಬೇಕಾದ ಕಡೆ 'ವು' ಬರುತ್ತೆ. ಕಾಗದದ ಮೇಲೆ ಕಣ್ಣಿಗೆ ಎರಡೂ ಒಂದೇ ಥರ ಇದ್ದವು, ಆಗ ಯಾರಿಗೂ ತಿಳಿದಿರಲಿಲ್ಲ. ಅಂಥದ್ದನ್ನ ಮನುಷ್ಯರೇ ಓದಿ ತಿದ್ದಬೇಕು.

ಹಾಗಾಗಿ ಅಪ್ಪ ಈಗ ದಿನಕ್ಕೆ ಮೂರು ಕಡತ ಅಂತ ಇಟ್ಟುಕೊಂಡಿದ್ದಾರೆ. ಮೂಲದ ಪ್ರತಿ ಒಂದು ಫೋಲ್ಡರಿನಲ್ಲಿ ಹಾಗೇ ಇದೆ, ಅದನ್ನ ಮುಟ್ಟಲ್ಲ. ತಿದ್ದಿದ್ದು ಇನ್ನೊಂದರಲ್ಲಿ. ಎಷ್ಟಾಯ್ತು ಅಂತ ನೋಟ್‌ಬುಕ್ಕಿನಲ್ಲಿ ಗೀಟು ಹಾಕ್ತಾರೆ. ನಿನ್ನೆ 2004ರ ಒಂದು ಪತ್ರ ತೆರೆದಿದ್ದರು, ನಮ್ಮ ಚಿಕ್ಕಪ್ಪನಿಗೆ ಬರೆದಿದ್ದು, ಬಾವಿ ತೋಡಿಸಿದ ಖರ್ಚಿನ ಲೆಕ್ಕ. ಮೂರು 'ವು'ಗಳನ್ನ 'ಮ' ಮಾಡಿದರು. ಆಮೇಲೆ ನನ್ನನ್ನ ಕರೆದು, "ಲೋ, ಇಲ್ಲಿ ಕೂಡಿಸಿದ್ದೂ ತಪ್ಪಿದೆ ಕಣೋ, ನಾನೂರು ರೂಪಾಯಿ ಜಾಸ್ತಿ ಬರೆದಿದ್ದೀನಿ. ಇದನ್ನೂ ತಿದ್ದಲಾ?" ಅಂದರು.

"ಬೇಡಪ್ಪಾ, ಅದು ಹಾಗೇ ಇರಲಿ" ಅಂದೆ.