ಟೊಮೆಟೊ ಗಾಡಿಯ ಕಮಾನ್ ಪಟ್ಟಿ ಯಾಕೆ ಕೂತುಬಿಡುತ್ತೆ?

ಇದು ಕೋಲಾರ ಎಪಿಎಂಸಿ ಯಾರ್ಡ್. ಈ ಪಿಕಪ್‌ನ ಹಿಂಚಕ್ರದ ಒಳಗಡೆ ನೋಡಿ. ಒಂದರ ಮೇಲೊಂದು ಜೋಡಿಸಿರೋ ಉಕ್ಕಿನ ಪಟ್ಟಿಗಳು (ಇವೇ ಕಮಾನ್ ಪಟ್ಟಿ, ಲೀಫ್ ಸ್ಪ್ರಿಂಗ್), ನಡುವೆ ಸೆಂಟರ್ ಬೋಲ್ಟ್, ಆಕ್ಸಲ್‌ಗೆ ಬಿಗಿದಿರೋ ಯು-ಬೋಲ್ಟ್‌ಗಳು. ಖಾಲಿ ಗಾಡೀಲಿ ಆಕ್ಸಲ್‌ನಿಂದ ಚಾಸಿವರೆಗಿನ ಎತ್ತರ ಟೇಪ್ ಹಿಡಿದು ಬರ್ಕೊಳ್ಳಿ.

ಈಗ 15 ಕೆಜಿಯ 20 ಬಾಕ್ಸ್, ಹಿಂದಿನ ಆಕ್ಸಲ್‌ನ ನೆತ್ತಿ ಮೇಲೇ ಬರೋ ಹಾಗೆ ಜೋಡಿಸಿ. 300 ಕೆಜಿ, ಪಕ್ಕಕ್ಕೆ 150. ಗಾಡಿ 20 ಮಿ.ಮೀ. ಇಳೀತು ಅಂದ್ಕೊಳ್ಳಿ. ಇನ್ನೂ 20 ಬಾಕ್ಸ್ ಇಟ್ರೆ ಮತ್ತೆ ಸುಮಾರು ಅಷ್ಟೇ ಇಳೀಬೇಕು. ಭಾರ ಎಷ್ಟು ಪಟ್ಟೋ ಬಾಗೋದೂ ಅಷ್ಟೇ ಪಟ್ಟು. ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ ನಿಯಮ ಇದೇ. ಭಾರ ಹೆಚ್ಚಾದಾಗ ಮಾತ್ರ ತಾಗಿ ಆಸರೆ ಕೊಡೋ ಹೆಲ್ಪರ್ ಪಟ್ಟಿ ಇದ್ರೆ, ಅದು ತಾಗಿದ ಮೇಲೆ ಇಳಿಯೋದು ಕಡಿಮೆಯಾಗುತ್ತೆ.

ನಿಜವಾದ ಪರೀಕ್ಷೆ ಲೋಡ್ ಇಳಿಸಿದ ಮೇಲೆ. ತಕ್ಷಣ ಅಳೀಬೇಡಿ, ಪಟ್ಟಿ ಪಟ್ಟಿ ನಡುವಿನ ಘರ್ಷಣೆ ಹಿಡ್ಕೊಂಡಿರುತ್ತೆ. ಗಾಡೀನ ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಬಾಡಿ ನಾಲ್ಕೈದು ಸಲ ಕುಲುಕಿ, ಆಮೇಲೆ ಟೇಪ್ ಹಿಡೀರಿ. ಮೊದಲಿನ ಎತ್ತರ ವಾಪಸ್ ಬಂತಾ, ಪಟ್ಟಿ ಚೆನ್ನಾಗಿದೆ. 5 ಮಿ.ಮೀ. ಕಡಿಮೆ ನಿಂತ್ಬಿಡ್ತಾ, ಪಟ್ಟಿ ಕೂತಿದೆ ಅಂತ. ಉಕ್ಕು ಸ್ಥಿತಿಸ್ಥಾಪಕ ಮಿತಿ, ಅಂದ್ರೆ ಭಾರ ತೆಗೆದ್ರೆ ಮೊದಲಿನ ಆಕಾರಕ್ಕೆ ಮರಳೋ ಮಿತಿ, ದಾಟಿದೆ.

ಕೂತ ಪಟ್ಟೀನ ಕುಲುಮೇಲಿ ಕೆಂಪಗೆ ಕಾಯಿಸಿ, ಬಡಿದು ಬಾಗಿಸಿ, ಹಾಗೇ ಗಾಳಿಗೆ ಆರೋಕೆ ಬಿಡ್ತಾರಲ್ಲ, ಮೋಸ ಹೋಗೋದು ಅಲ್ಲೇ. ಖಾಲಿ ಗಾಡೀಲಿ ಹೊಸ ಪಟ್ಟಿ ಥರಾನೇ ಕಾಣುತ್ತೆ. 300 ಕೆಜಿಗೆ ಇಳಿಯೋದೂ ಅದೇ 20 ಮಿ.ಮೀ. ಯಾಕಂದ್ರೆ ಉಕ್ಕಿಗೆ ಹದ (ಕಾಯಿಸಿ ಅದ್ದಿ ಕೊಡೋ ಗಟ್ಟಿತನ) ಇದ್ರೂ ಇಲ್ದಿದ್ರೂ ಅದರ ಯಂಗ್ಸ್ ಮಾಡ್ಯುಲಸ್, ಅಂದ್ರೆ ಉಕ್ಕಿನ ಬಿಗಿತದ ಅಳತೆ, ಹೆಚ್ಚುಕಮ್ಮಿ 200 ಗಿಗಾಪ್ಯಾಸ್ಕಲ್ಲೇ. ಹದ ಹೋದ್ರೆ ತಗ್ಗೋದು ಸ್ಥಿತಿಸ್ಥಾಪಕ ಮಿತಿ. ಫುಲ್ ಲೋಡ್ ಬಿದ್ದ ದಿನ ಪಟ್ಟಿ ಮತ್ತೆ ಕೂತ್ಕೊಳ್ಳುತ್ತೆ. ಅದಕ್ಕೇ ಇಡೀ ಪಟ್ಟೀನ ಫರ್ನೇಸಲ್ಲಿ ಒಂದೇ ಸಮ ಕಾಯಿಸಿ, ಎಣ್ಣೇಲಿ ಅದ್ದಿ, ಮತ್ತೆ ಕಡಿಮೆ ಶಾಖದಲ್ಲಿ ಟೆಂಪರ್ ಮಾಡೋ ಅಂಗಡಿಗೇ ಕೊಡಿ. ಅದು ಸಿಗದಿದ್ರೆ ಹೊಸ ಪಟ್ಟೀನೇ ಹಾಕಿಸಿ.

ತುಕ್ಕು ತಿಂದು ಸವೆದಿರೋ ಪಟ್ಟಿ ಮಾತ್ರ ನಿಜವಾಗ್ಲೂ ಮೆತ್ತಗಾಗಿರುತ್ತೆ. ಬಿಗಿತ ನಿಂತಿರೋದು ದಪ್ಪದ ಘನದ ಮೇಲೆ. 8 ಮಿ.ಮೀ. ಪಟ್ಟಿ 7ಕ್ಕೆ ಸವೆದ್ರೆ ಮೂರನೇ ಒಂದು ಭಾಗ ಬಿಗಿತಾನೇ ಹೋಯ್ತು! ವರ್ನಿಯರ್ ಹಿಡಿದು ನೋಡಿ, ಕಣ್ಣಂದಾಜು ಸಾಲದು.

ಪಟ್ಟಿ ಮುರಿದಿದ್ರೆ ಎಲ್ಲಿ ಮುರಿದಿದೆ ನೋಡಿ. ಸೆಂಟರ್ ಬೋಲ್ಟ್ ತೂತಿನಲ್ಲೇ ಆಗಿದ್ರೆ ಮೊದಲು ಯು-ಬೋಲ್ಟ್ ಮೇಲೆ ಅನುಮಾನ ಪಡಿ. ಅದು ಸಡಿಲ ಆದ್ರೆ ಅಲುಗಾಡದೆ ಇರಬೇಕಾದ ನಡುಭಾಗಾನೂ ಬಾಗೋಕೆ ಶುರುವಾಗುತ್ತೆ, ತೂತಿನ ಅಂಚಿಂದ ಬಿರುಕು ಹೊರಡುತ್ತೆ. ಹೊಸ ಸೆಟ್ ಹಾಕ್ದಾಗ ನಾಲ್ಕು ನಟ್ಟನ್ನೂ ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ, ಗಾಡಿ ಕೈಪಿಡೀಲಿರೋ ಟಾರ್ಕ್‌ಗೆ ಬಿಗೀರಿ. ಪಟ್ಟಿಗಳು ಒತ್ತಿ ಕೂತ ಹಾಗೆ ಬಿಗಿ ಸಡಿಲ ಆಗುತ್ತೆ. ಮೊದಲ ಕೆಲವು ಲೋಡ್ ಆದ ಮೇಲೆ ಇನ್ನೊಂದು ಸಲ ಟಾರ್ಕ್ ರೆಂಚ್ ಹಾಕಿಸಿ.